ಅಪ್‌ಡೇಟ್: ಭಾಗಮಂಡಲದ ಹತ್ತಿರ ಕಂಡ ಹಳದಿ ಹಣ್ಣಿನ ಮರ ಉಪ್ಪಾಗೆಯೇ

ಭಾಗಮಂಡಲದಿಂದ ತಲಕಾವೇರಿಗೆ ಹೋಗುವಾಗ ಕಂಡ ಮರ ಯಾವುದು ಅಂತ ಮಳೆಗಾಲದಲ್ಲಿ ಕೇಳಿದ್ದೆ. ಬುಡದ ತುಂಬ ಹಳದಿ ಹಣ್ಣು ಬಿದ್ದಿತ್ತು. ಕೆಲವರು ಮುರುಗಲು (ಕೋಕಂ) ಎಂದಿರಿ, ಕೆಲವರು ಉಪ್ಪಾಗೆ ಎಂದಿರಿ. ಉಪ್ಪಾಗೆಯೇ.

ಹಣ್ಣು ನೋಡಿದರೆ ಸಾಕು. ಮುರುಗಲ ಹಣ್ಣು ದುಂಡಗೆ, ನುಣ್ಣಗೆ, ಮಾಗಿದರೆ ಕಡುಗೆಂಪು. ಇದು ಹಳದಿ, ಮೈಮೇಲೆ ಉದ್ದುದ್ದ ಗೀರು, ಥೇಟ್ ಪುಟ್ಟ ಕುಂಬಳಕಾಯಿ. ಕಾಯಿ ಗೀರಿದರೆ ಹಳದಿ ಅಂಟು ಒಸರುತ್ತದೆ. ಆದರೆ ಎರಡೂ ಒಂದೇ ಕುಲದ ಮರಗಳು, ಅಂಟೊಂದನ್ನೇ ನಂಬಬೇಡಿ.

ನಾವು ಉಳಿದುಕೊಂಡಿದ್ದ ಮನೆಯ ಆಂಟಿಗೆ ಫೋಟೊ ತೋರಿಸಿದೆ. "ಕಾಚಂಪುಳಿ ಮಾಡೋದು ಇದರಿಂದಲೇ ಅಲ್ವಾ!" ಎಂದರು. ಮಾಗಿದ ಹಣ್ಣನ್ನು ಬುಟ್ಟಿಯಲ್ಲಿ ಹಾಕಿಟ್ಟು, ಸೋರಿದ ರಸವನ್ನು ಕಪ್ಪಗೆ ಗಟ್ಟಿಯಾಗುವವರೆಗೆ ಕುದಿಸುತ್ತಾರಂತೆ. ಕೊಡಗಿನ ಹಂದಿ ಮಾಂಸದ ಅಡುಗೆ ಪಂದಿಕರಿಯ ಹುಳಿ, ಆ ಕಪ್ಪು ಬಣ್ಣ ಎರಡಕ್ಕೂ ಅದೇ ಬೇಕು. ಅವರು ಬಾಟಲಿ ಬಗ್ಗಿಸಿ ಬೆರಳಿಗೆ ಒಂದು ಹನಿ ಹಾಕಿದರು. ಅಬ್ಬಾ, ಹಲ್ಲು ಜುಂ ಎಂದಿತು!

ಆಗ ಹಾಕಿದ್ದ ಎರಡನೇ ಫೋಟೊದಲ್ಲಿ ಕಾಳುಮೆಣಸಿನ ಬಳ್ಳಿ ಹಬ್ಬಿದ್ದ ಎತ್ತರದ ಮರ ಸಿಲ್ವರ್ ಓಕ್. ಆಸ್ಟ್ರೇಲಿಯಾ ಮೂಲದ್ದು, ಕಾಫಿ ತೋಟದಲ್ಲಿ ನೆರಳಿಗೆ ನೆಡುತ್ತಾರೆ. ಎಲೆ ಮಗುಚಿ ನೋಡಿ, ಕೆಳಭಾಗ ಬೆಳ್ಳಿ ಬಣ್ಣ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.