ಮೊಲ ಕೊಟ್ಟುಬಿಡಬೇಕಾ? (ನಮ್ಮ ‘ಮನೆಮಂದಿ’ ಗುಂಪಿನ ಚರ್ಚೆ)

ಶರಣಪ್ಪ ಕಾಕಾ: (ಫಾರ್ವರ್ಡ್) ‘ಎಚ್ಚರ! ಮೊಲಗಳಲ್ಲಿ ಸಿಫಿಲಿಸ್ ರೋಗಾಣು ಇದೆ. ಮನೆಯಲ್ಲಿ ಸಾಕಿದರೆ ಮಕ್ಕಳಿಗೂ ಅಂಟುತ್ತದೆ. ಎಲ್ಲರಿಗೂ ಕಳಿಸಿ.’
ಬಸು, ಬೀದರಿನ ಮನೆಯಲ್ಲಿ ಮೊಲ ಸಾಕಿದ್ದೀಯಲ್ಲ, ಇವತ್ತೇ ಯಾರಿಗಾದರೂ ಕೊಟ್ಟುಬಿಡು.

ಬಸವರಾಜ: ಮಕ್ಕಳು ಇಡೀ ದಿನ ಅವುಗಳ ಜೊತೆಗೇ ಇರುತ್ತಾರೆ ಕಾಕಾ. ಒಂದಕ್ಕೆ ಮೂಗಿನ ಹತ್ತಿರ ಹುಣ್ಣು ಬೇರೆ ಆಗಿದೆ.

ಸುಧಾ: ಗಾಬರಿ ಆಗಬೇಡ ಬಸಣ್ಣ. ಸಿಫಿಲಿಸ್ ಅಂದರೆ ಮನುಷ್ಯರಲ್ಲಿ ಹೆಚ್ಚಾಗಿ ಲೈಂಗಿಕ ಸಂಪರ್ಕದಿಂದ ಹರಡುವ ರೋಗ. ಮೊಲಕ್ಕೆ ಅದರದೇ ಸಿಫಿಲಿಸ್ ಇದೆ, ರೋಗಾಣು ಬೇರೆ. ಡಿಎನ್‌ಎ ನೋಡಿದರೆ ಮನುಷ್ಯರ ರೋಗಾಣುವಿಗೆ ತೀರಾ ಹತ್ತಿರ, ನಿಜ. ಆದರೆ ಅದರಲ್ಲಿ ಕೆಲವು ಜೀನ್‌ಗಳು ಕೆಟ್ಟುಹೋಗಿವೆ. ಮೊಲದಲ್ಲಷ್ಟೇ ಬದುಕುತ್ತದೆ, ನಮಗೆ ಅಂಟುವುದಿಲ್ಲ.

ಶರಣಪ್ಪ ಕಾಕಾ: ಲ್ಯಾಬಿನಲ್ಲಿ ಮೊಲದೊಳಗೇ ಸಿಫಿಲಿಸ್ ಬೆಳೆಸುತ್ತಾರೆ ಅಂತ ಓದಿದ್ದೇನೆ. ಅದೂ ಸುಳ್ಳಾ?

ಸುಧಾ: ಅದು ಸುಳ್ಳಲ್ಲ ಕಾಕಾ, ಗೊಂದಲ ಆಗುವುದೇ ಅಲ್ಲಿ. ಅದು ಮನುಷ್ಯರ ರೋಗಾಣು. ಸೂಜಿಯಿಂದ ಚುಚ್ಚಿ ಮೊಲಕ್ಕೆ ಕೊಡುತ್ತಾರೆ. 1912ರಲ್ಲಿ ಅಮೆರಿಕದಲ್ಲಿ ಒಬ್ಬ ರೋಗಿಯಿಂದ ತೆಗೆದ ನಿಕೋಲ್ಸ್ ತಳಿಯನ್ನು ಹೀಗೇ ಮೊಲದಿಂದ ಮೊಲಕ್ಕೆ ದಾಟಿಸಿ ಉಳಿಸಿಕೊಂಡು ಬಂದರು. ಯಾಕೆಂದರೆ ಈ ರೋಗಾಣುವಿಗೆ ಸ್ವಂತ ಬಂಡವಾಳ ಬಹಳ ಕಮ್ಮಿ. 1998ರಲ್ಲಿ ಅದರ ಪೂರ್ತಿ ಡಿಎನ್‌ಎ ಓದಿದಾಗ ಸಿಕ್ಕಿದ್ದು ಸುಮಾರು 11.4 ಲಕ್ಷ ಅಕ್ಷರ ಮಾತ್ರ. ನಮ್ಮ ಕರುಳಿನ ಇ. ಕೋಲಿ ಬ್ಯಾಕ್ಟೀರಿಯಾಕ್ಕೆ 46 ಲಕ್ಷದ ಹತ್ತಿರ ಇದೆ. ಬದುಕಲು ಬೇಕಾದ ಎಷ್ಟೋ ವಸ್ತುಗಳನ್ನು ಅದು ನಮ್ಮ ಮೈಯಿಂದಲೇ ಪಡೆಯಬೇಕು. ಹೊರಗೆ ಬಿದ್ದರೆ ಬೇಗ ಸಾಯುತ್ತದೆ. ಜೀವಂತ ಮೊಲವಿಲ್ಲದೆ ಲ್ಯಾಬಿನಲ್ಲಿ ಬಹಳ ದಿನ ಬೆಳೆಸುವ ದಾರಿ ಸಿಕ್ಕಿದ್ದು 2018ರಲ್ಲಿ.

ಶರಣಪ್ಪ ಕಾಕಾ: ಸರಿ, ಮಂಗ? ಆಫ್ರಿಕಾದ ಮಂಗಗಳಲ್ಲೂ ಇದೆಯಂತೆ.

ಸುಧಾ: ಈ ಪ್ರಶ್ನೆ ಗಟ್ಟಿ ಇದೆ ಕಾಕಾ. 1966ರಲ್ಲಿ ಗಿನಿ ದೇಶದ ಬಬೂನ್ ಮಂಗದಲ್ಲಿ ಸಿಕ್ಕ ರೋಗಾಣು, ಮನುಷ್ಯರಿಗೆ ಬರುವ ಯಾಸ್ ಎಂಬ ಚರ್ಮರೋಗದ ರೋಗಾಣುವಿನ ಗುಂಪಿಗೇ ಸೇರುತ್ತದೆ. ಯಾಸ್ ರೋಗಾಣುವಿಗೂ ಸಿಫಿಲಿಸ್ ರೋಗಾಣುವಿಗೂ ಡಿಎನ್‌ಎಯಲ್ಲಿ ಶೇ. 0.2ಕ್ಕಿಂತ ಕಮ್ಮಿ ವ್ಯತ್ಯಾಸ. ಆದರೂ ಯಾಸ್ ಬರುವುದು ಹೆಚ್ಚಾಗಿ ಮಕ್ಕಳಿಗೆ, ಹರಡುವುದು ಚರ್ಮ ತಾಗಿ. ಭಾರತ ಯಾಸ್‌ಮುಕ್ತ ಅಂತ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿದೆ. ಆಫ್ರಿಕಾದಲ್ಲಿ ಮಂಗಗಳ ಮೇಲೆ ಕಣ್ಣಿಡಬೇಕು, ಒಪ್ಪುತ್ತೇನೆ. ಬಸಣ್ಣನ ಮೊಲ ಏನು ಮಾಡಿತು?

ಗೌರಮ್ಮ ಅತ್ತಿ: ಮನೆಮಂದಿ ಗುಂಪಿನಲ್ಲಿ ಇಂಥ ರೋಗದ ಮಾತು ಬೇಕಾ? ಹೆಣ್ಣುಮಕ್ಕಳೂ ಇದ್ದಾರೆ.

ಸುಧಾ: ಹೆಣ್ಣುಮಕ್ಕಳಿಗೇ ಬೇಕು ಅತ್ತಿ. ಬಸುರಿಯರಿಗೆಲ್ಲ ವಿಡಿಆರ್‌ಎಲ್ ಅನ್ನುವ, ಸಿಫಿಲಿಸ್ ಪತ್ತೆಹಚ್ಚುವ ರಕ್ತಪರೀಕ್ಷೆ ಬರೆಯುವುದು ಇದಕ್ಕೇ. ತಾಯಿಯಿಂದ ಹೊಟ್ಟೆಯ ಕೂಸಿಗೆ ಸಿಫಿಲಿಸ್ ಹೋಗುತ್ತದೆ. ಕೂಸು ಹೊಟ್ಟೆಯಲ್ಲೇ ತೀರಿಕೊಳ್ಳಬಹುದು. ಬೇಗ ಗೊತ್ತಾದರೆ ಪೆನಿಸಿಲಿನ್ ಇಂಜೆಕ್ಷನ್ನಿನಿಂದ ತಡೆಯಬಹುದು. ಮಕ್ಕಳ ಕೈಯಿಂದ ಮೊಲ ಕಸಿದರೆ ಒಂದು ಕೂಸನ್ನೂ ಉಳಿಸಿದಂತಾಗುವುದಿಲ್ಲ.

ಗೌರಮ್ಮ ಅತ್ತಿ: ನಮ್ಮ ರೇಖಾಗೆ ಬರೆದುಕೊಟ್ಟಾಗ ನನಗೆ ಸಿಟ್ಟು ಬಂದಿತ್ತು. ನಮ್ಮ ಮನೆತನದವರಿಗೆ ಯಾಕೆ ಇಂಥದ್ದು ಅಂತ. ಮಾಡಿಸಲೇ ಇಲ್ಲ.

ಸುಧಾ: ನಾಳೆಯೇ ಕರೆದುಕೊಂಡು ಹೋಗಿ ಅತ್ತಿ. ಯಾರ ಮೇಲೂ ಸಂಶಯಪಟ್ಟು ಬರೆಯುವುದಲ್ಲ, ಎಲ್ಲ ಬಸುರಿಯರಿಗೂ ಬರೆಯುತ್ತಾರೆ.

ಬಸವರಾಜ: ಸುಧಾ, ಹಾಗಾದರೆ ಮೊಲಕ್ಕೂ ಪೆನಿಸಿಲಿನ್ ಗುಳಿಗೆ ಕೊಡಲಾ?

ಸುಧಾ: ಬೇಡವೇ ಬೇಡ! ಬಾಯಿಯಿಂದ ಕೊಟ್ಟರೆ ಕರುಳು ಕೆಟ್ಟು ಸತ್ತೇ ಹೋಗಬಹುದು. ಹುಣ್ಣು ಬೇರೆ ಕಾರಣಕ್ಕೂ ಆಗಿರಬಹುದು. ನಿಮ್ಮೂರಲ್ಲೇ ಪಶುವೈದ್ಯಕೀಯ ಕಾಲೇಜಿದೆ, ಅಲ್ಲಿ ತೋರಿಸು. ಬೇಕಾದರೆ ಅವರೇ ಇಂಜೆಕ್ಷನ್ ಕೊಡುತ್ತಾರೆ.

ಶರಣಪ್ಪ ಕಾಕಾ: ತೋರಿಸಿಕೊಂಡು ಬಾ ಬಸು. ಡಾಕ್ಟರು ಹೇಳುವವರೆಗೆ ಮಕ್ಕಳನ್ನು ಸ್ವಲ್ಪ ದೂರವೇ ಇಡು. ಅದರಲ್ಲಿ ಮಾತ್ರ ನಾನು ಹಿಂದೆ ಸರಿಯುವುದಿಲ್ಲ.