ಅಪ್‌ಡೇಟ್: ಕುಮಾರ ಪರ್ವತ ಚಾರಣ, ಇಳಿಯುವಾಗಿನ ಮೊಣಕಾಲು ನೋವು

ಗೈಡ್ ಜೊತೆ ಕುಕ್ಕೆ ಕಡೆಯಿಂದ ಕುಮಾರ ಪರ್ವತ ಹತ್ತಬೇಕು, ಇಳಿಯುವಾಗ ಮೊಣಕಾಲು ನೋಯುತ್ತೆ, ಹೇಗೆ ತಯಾರಾಗಲಿ ಅಂತ ಕೇಳಿದ್ದೆ. ಹೋಗಿ ಬಂದೆ, ಮೊಣಕಾಲು ಕೈಕೊಡಲಿಲ್ಲ!

ಕೆಲಸಕ್ಕೆ ಬಂದದ್ದು ಮೆಟ್ಟಿಲು ಇಳಿಯುವ ಅಭ್ಯಾಸ ಮಾಡಿ ಅನ್ನೋ ಸಲಹೆ. ಬ್ಯಾಗಿಗೆ ನೀರಿನ ಬಾಟಲಿ ತುಂಬಿಕೊಂಡು ನಿಧಾನವಾಗಿ ಇಳಿಯುತ್ತಿದ್ದೆ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕಲ್ವಾ, ಸಮತಟ್ಟು ರಸ್ತೆಯಲ್ಲಿ ಸುಮ್ನೆ ನಡೆದರೆ ಅದು ಪಳಗುವುದಿಲ್ಲ. ನೀಕ್ಯಾಪ್ ಉಪಯೋಗವಾಗಲಿಲ್ಲ. ಬೆವರಿಗೆ ಜಾರಿ ಜಾರಿ ಕೆಳಗೆ ಬರುತ್ತಿತ್ತು, ದಾರಿ ಮಧ್ಯೆ ಗಿರಿಗದ್ದೆಯಲ್ಲಿ ಸಿಗುವ ಭಟ್ಟರ ಮನೆ ಹತ್ತಿರ ಬಿಚ್ಚಿಟ್ಟೆ.

ಗಿರಿಗದ್ದೆ ದಾಟಿದ ಮೇಲೆ ಬಯಲು ಹುಲ್ಲುಗಾವಲು, ನೆರಳೇ ಕಡಿಮೆ. 1712 ಮೀಟರ್ ಎತ್ತರಕ್ಕಿಂತ ಬಿಸಿಲೇ ಜಾಸ್ತಿ ಸುಸ್ತು ಮಾಡಿತು. ಟೋಪಿ, ಓಆರ್‌ಎಸ್ ಖಂಡಿತ ಇರಲಿ. ಇಳಿಯುವಾಗ ಟ್ರೆಕ್ಕಿಂಗ್ ಕೋಲನ್ನು ಸ್ವಲ್ಪ ಉದ್ದ ಮಾಡಿಕೊಳ್ಳಿ ಅಂತ ಗೈಡ್ ಹೇಳಿದರು, ಅದರಿಂದಲೂ ತುಂಬಾ ಅನುಕೂಲವಾಯ್ತು.