ಶಿಬ್ಲಿ ನೊಮಾನಿ ಹಳಬರ ಕಡೆಯೋ, ಹೊಸಬರ ಕಡೆಯೋ?

ಪ್ರಶ್ನೆ:
ಉರ್ದು ಗದ್ಯದ ಬಗ್ಗೆ ಏನೇ ಓದಿದರೂ ಶಿಬ್ಲಿ ಹೆಸರು ಬರುತ್ತದೆ. ಸರ್ ಸಯ್ಯದ್ ಅಹ್ಮದ್ ಖಾನರ ಇಂಗ್ಲಿಷ್ ಶಿಕ್ಷಣದ ಅಲೀಗಢ ಕಾಲೇಜಿನಲ್ಲಿ ಪಾಠ ಹೇಳಿದವರು ಅಂತ ಕೆಲವರು ಬರೆಯುತ್ತಾರೆ, ಲಖನೌದ ನದ್ವಾ ಮದರಸಾದ ಮೌಲಾನಾ ಅಂತ ಇನ್ನು ಕೆಲವರು. ಎರಡೂ ಹೇಗೆ? ಓದೋದಾದರೆ ಯಾವುದರಿಂದ ಶುರು ಮಾಡಲಿ?

ಉತ್ತರ 1:
ಎರಡೂ ನಿಜ. ಹುಟ್ಟಿದ್ದು 1857ರಲ್ಲಿ, ಆಜಮ್‌ಗಢದ ಹತ್ತಿರ. ಮದರಸಾದ ಓದು ಗಟ್ಟಿಯಾಗಿತ್ತು. ಅಲೀಗಢಕ್ಕೆ ಬಂದ ಮೇಲೆ ಸರ್ ಸಯ್ಯದರ ಪುಸ್ತಕಗಳ ರಾಶಿ ಸಿಕ್ಕಿತು, ಅಲ್ಲೇ ಇದ್ದ ಪ್ರೊಫೆಸರ್ ಆರ್ನಾಲ್ಡ್ ಹತ್ತಿರ ಫ್ರೆಂಚ್ ಕಲಿತರು. 1892ರಲ್ಲಿ ತುರ್ಕಿ, ಸಿರಿಯಾ, ಈಜಿಪ್ಟ್ ಸುತ್ತಿ ಅಲ್ಲಿನ ಲೈಬ್ರರಿಗಳನ್ನು ನೋಡಿ ಬಂದರು. ಇತಿಹಾಸ ಬರೆಯುವಾಗ ಮೂಲಗಳನ್ನು ಒಂದಕ್ಕೊಂದು ತಾಳೆ ನೋಡುವ ಅವರ ಹಠ ನನಗೆ ತುಂಬಾ ಇಷ್ಟ. ಸರ್ ಸಯ್ಯದ್ 1898ರಲ್ಲಿ ತೀರಿಕೊಂಡರು, ಶಿಬ್ಲಿ ಕಾಲೇಜು ಬಿಟ್ಟರು. ಆಮೇಲೆ ಕೆಲವು ವರ್ಷ ಹೈದರಾಬಾದ್, ಅಲ್ಲಿಂದ ನದ್ವಾ.

ಉತ್ತರ 2:
ಕಡೆ ಹುಡುಕೋದೇ ತಪ್ಪು ಅನ್ನಿಸುತ್ತೆ. ಬರೀ ಇಂಗ್ಲಿಷ್ ಓದಿದವರಿಗೆ ತಮ್ಮ ಧರ್ಮದ ಇತಿಹಾಸ ಗೊತ್ತಿಲ್ಲ, ಬರೀ ಮದರಸಾದಲ್ಲಿ ಓದಿದವರಿಗೆ ಹೊರಗಿನ ಪ್ರಪಂಚ ಗೊತ್ತಿಲ್ಲ ಅನ್ನೋದು ಅವರ ಸಂಕಟ. ನದ್ವಾದ ಪಾಠಕ್ರಮ ಬದಲಿಸಲು ಹೊರಟಿದ್ದು ಅದಕ್ಕೇ. ವಿರೋಧ ಜಾಸ್ತಿಯಾಗಿ 1913ರಲ್ಲಿ ಅದನ್ನೂ ಬಿಟ್ಟರು.

ನನ್ನ ಪ್ರಕಾರ ಅವರ ದೊಡ್ಡ ಕೆಲಸ ಶಿಷ್ಯರನ್ನು ತಯಾರು ಮಾಡಿದ್ದು. ಪ್ರವಾದಿಯವರ ಜೀವನ ಚರಿತ್ರೆ 'ಸೀರತುನ್ನಬಿ' ಶುರು ಮಾಡಿದ್ದರು, ಭೋಪಾಲದ ಬೇಗಂ ಅದಕ್ಕೆ ಹಣ ಕೊಟ್ಟಿದ್ದರು. 1914ರ ನವೆಂಬರಿನಲ್ಲಿ ಶಿಬ್ಲಿ ತೀರಿಕೊಂಡಾಗ ಅದು ಅರ್ಧಕ್ಕೇ ನಿಂತಿತ್ತು. ಶಿಷ್ಯ ಸಯ್ಯದ್ ಸುಲೈಮಾನ್ ನದ್ವಿ ಪುಣೆಯ ಡೆಕ್ಕನ್ ಕಾಲೇಜಿನ ಕೆಲಸ ಬಿಟ್ಟು ಆಜಮ್‌ಗಢಕ್ಕೆ ಬಂದು, ವರ್ಷಗಟ್ಟಲೆ ಕೂತು ಅದನ್ನು ಮುಂದುವರಿಸಿದರು. ಶಿಬ್ಲಿ ತಮ್ಮ ಬಂಗಲೆ, ಮಾವಿನ ತೋಟ ಎರಡನ್ನೂ ಬಿಟ್ಟುಕೊಟ್ಟ ಜಾಗದಲ್ಲೇ ದಾರುಲ್ ಮುಸನ್ನಿಫೀನ್ ಅನ್ನೋ ಸಂಶೋಧನಾ ಸಂಸ್ಥೆ, ಅಂದರೆ ಈಗಿನ ಶಿಬ್ಲಿ ಅಕಾಡೆಮಿ, ಎದ್ದಿತು. 'ಮಆರಿಫ್' ಪತ್ರಿಕೆ ಅಲ್ಲಿಂದಲೇ 1916ರಲ್ಲಿ ಶುರುವಾಯಿತು.

ಪ್ರಶ್ನೆ ಕೇಳಿದವರು:
ಧನ್ಯವಾದ. ಪುಣೆ ಬಿಟ್ಟು ಬಂದ ವಿಷಯ ಓದಿ ಮನಸ್ಸು ತುಂಬಿ ಬಂತು. ನನಗೆ ಕಾವ್ಯದ ಕಡೆ ಒಲವು ಜಾಸ್ತಿ, ಅದರಲ್ಲಿ ಏನಾದರೂ ಇದೆಯಾ?

ಉತ್ತರ 1:
ಹಾಗಾದರೆ 'ಶೇರುಲ್ ಅಜಮ್' ಹಿಡಿಯಿರಿ. ಪಾರಸಿ ಕಾವ್ಯದ ಚರಿತ್ರೆ, 5 ಸಂಪುಟ. ಮರ್ಸಿಯಾ, ಅಂದರೆ ಶೋಕಕಾವ್ಯ, ಇಷ್ಟವಾದರೆ ಅದನ್ನು ಬರೆದ ಉರ್ದು ಕವಿಗಳಾದ ಅನೀಸ್ ಮತ್ತು ದಬೀರರನ್ನು ಹೋಲಿಸಿ ಬರೆದದ್ದೂ ಇದೆ. ಅದರಲ್ಲಿ ಶಿಬ್ಲಿ ಅನೀಸರ ಪರ ನಿಲ್ಲುತ್ತಾರೆ, ದಬೀರರ ಅಭಿಮಾನಿಗಳು ಅದನ್ನು ಒಪ್ಪಲೇ ಇಲ್ಲ. ಮೊದಲು ಇಬ್ಬರದ್ದೂ ಒಂದೊಂದು ಮರ್ಸಿಯಾ ಓದಿಕೊಂಡು ಆಮೇಲೆ ಅದಕ್ಕೆ ಕೈ ಹಾಕಿ.